ತಂದೆಯ ಹೆಸರಿನ ಮುಂದೆ ಎಳೆದ ಗೆರೆ

ಕಳೆದ ಸೆಮಿಸ್ಟರ್‌ನಲ್ಲಿ ವಿದ್ಯಾರ್ಥಿವೇತನದ ದಾಖಲೆ ಪರಿಶೀಲನೆಗೆಂದು ಕಚೇರಿಯೊಂದರ ಕಿಟಕಿಯ ಮುಂದೆ ಎರಡು ಗಂಟೆ ಸಾಲಿನಲ್ಲಿ ನಿಂತಿದ್ದೆ. ನನ್ನ ಸರದಿ ಬಂತು. ಒಳಗೆ ಕುಳಿತಿದ್ದವರು ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನೂ ಅಮ್ಮನ ಆಧಾರ್ ಕಾರ್ಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ಪಕ್ಕದ ಟೇಬಲ್ಲಿನವರಿಗೂ ತೋರಿಸಿದರು. ‘ಏನಪ್ಪಾ ಇದು, ನಿಮ್ಮಮ್ಮನ ತಂದೆ ಹೆಸರೂ ಇದೇ, ನಿನ್ನ ತಂದೆ ಹೆಸರೂ ಇದೇ! ಇಬ್ಬರಿಗೂ ಒಬ್ಬರೇ ಅಪ್ಪನಾ?’ ಎಂದರು. ನನ್ನ ಹಿಂದೆ ನಿಂತಿದ್ದವರಲ್ಲಿ ಒಂದಿಬ್ಬರು ನಕ್ಕರು.

ನಾನು ‘ಎಂಟ್ರಿ ಮಾಡುವಾಗ ತಪ್ಪಾಗಿರಬೇಕು ಸಾರ್’ ಎಂದು ಹೇಳಿ ಕಾಗದಗಳನ್ನು ವಾಪಸ್ ತೆಗೆದುಕೊಂಡು ಬಂದುಬಿಟ್ಟೆ. ಅದು ಸುಳ್ಳು. ಎಂಟ್ರಿ ಮಾಡುವಾಗ ಯಾರೂ ತಪ್ಪು ಮಾಡಿರಲಿಲ್ಲ. ನನ್ನ ಮೇಲಿನ ಕರುಣೆಯಿಂದ, ಬೇಕೆಂದೇ ಹಾಗೆ ಬರೆಯಲಾಗಿತ್ತು.

ನಾನು ಹುಟ್ಟಿದ್ದು 2005ರಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ. ಆಗ ಅಮ್ಮನಿಗೆ ಇಪ್ಪತ್ತೆರಡು ವರ್ಷ. ಮದುವೆಯಾಗಿರಲಿಲ್ಲ. ಮದುವೆಯಾಗುತ್ತೇನೆ ಎಂದಿದ್ದವರು ತಮ್ಮ ಮನೆಯವರಿಗೆ ಹೆದರಿ ಊರು ಬಿಟ್ಟಿದ್ದರು. ಹೆರಿಗೆಯಾದ ಮಾರನೆಯ ದಿನ ಫಾರಂ ತುಂಬಲು ಬಂದ ಸಿಸ್ಟರ್ ‘ಗಂಡನ ಹೆಸರು ಹೇಳಮ್ಮಾ’ ಎಂದರಂತೆ. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳಂತೆ. ‘ಇಲ್ಲ ಅಂತ ಬರ್ಕೊಳ್ಳಿ’ ಎಂದಿದ್ದು ಅಜ್ಜಿ. ಆ ಜಾಗದಲ್ಲಿ ಒಂದು ಸಣ್ಣ ಗೆರೆ ಎಳೆದರು. ನನ್ನ ಜನನ ಪ್ರಮಾಣಪತ್ರದಲ್ಲಿ ಇಂದಿಗೂ ತಂದೆಯ ಹೆಸರಿನ ಮುಂದೆ ಇರುವುದು ಆ ಗೆರೆಯೇ.

ಆರು ವರ್ಷದ ನಂತರ ತಾತ ನನ್ನನ್ನು ಶಾಲೆಗೆ ಸೇರಿಸಲು ಕರೆದುಕೊಂಡು ಹೋದರು. ಹೆಡ್‌ಮೇಷ್ಟ್ರು ಒಳ್ಳೆಯವರು. ‘ಈ ಜಾಗ ಖಾಲಿ ಬಿಟ್ಟರೆ ಹುಡುಗನಿಗೆ ಮುಂದೆ ತೊಂದರೆ ಯಜಮಾನ್ರೇ, ನಿಮ್ಮ ಹೆಸರೇ ಹಾಕ್ತೀನಿ’ ಎಂದು ದಾಖಲಾತಿ ಪುಸ್ತಕದಲ್ಲಿ ತಾತನ ಹೆಸರು ಬರೆದರು. ಅಲ್ಲಿಂದ ಅದು ವರ್ಗಾವಣೆ ಪತ್ರಕ್ಕೆ ಹೋಯಿತು. ಕೊರೊನಾ ವರ್ಷದ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ ಹೋಯಿತು. ಪಿಯುಸಿಗೆ ಹೋಯಿತು, ಸಿಇಟಿ ಅರ್ಜಿಗೆ ಹೋಯಿತು. ಈಗ ದಾಖಲೆಗಳ ಪ್ರಕಾರ ನನ್ನ ಅಮ್ಮ ನನ್ನ ಅಕ್ಕನೂ ಹೌದು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೆ ನಾಚಿಕೆಪಡಬೇಕಾದವನು ನಾನಲ್ಲ, ಅಮ್ಮನೂ ಅಲ್ಲ ಎಂಬುದು ಇತ್ತೀಚೆಗೆ ಅರ್ಥವಾಗಿದೆ. ಆದ್ದರಿಂದ ಬರೆಯುತ್ತಿದ್ದೇನೆ. ಬರೆಯಲು ಅಮ್ಮ ಒಪ್ಪಿದ್ದಾಳೆ. ಊರಿನ ಹೆಸರು ಮಾತ್ರ ಬೇಡ ಎಂದಿದ್ದಾಳೆ.

ಇದನ್ನು ಈಗಲೇ ಬರೆಯಲು ಇನ್ನೊಂದು ಕಾರಣವಿದೆ. ಕಳೆದ ವರ್ಷ ತಾತ ತೀರಿಕೊಂಡರು. ತಿಥಿಯ ದಿನ ಶಾಮಿಯಾನದ ಹಿಂದಿನ ಸಾಲಿನಲ್ಲಿ ಒಬ್ಬರು ತಲೆ ತಗ್ಗಿಸಿಕೊಂಡು ಕುಳಿತಿದ್ದರು. ಊಟ ಮಾಡಲಿಲ್ಲ. ಎಲ್ಲರೂ ಹೋದ ಮೇಲೆ ಅಮ್ಮನ ಹತ್ತಿರ ಬಂದು, ‘ಇನ್ನಾದರೂ ಹುಡುಗನ ಸರ್ಟಿಫಿಕೇಟಲ್ಲಿ ನನ್ನ ಹೆಸರು ಹಾಕಿಸು. ಎಲ್ಲಿ ಸಹಿ ಹಾಕು ಅಂದ್ರೂ ಹಾಕ್ತೀನಿ’ ಎಂದರು. ಅವರೇ ನನ್ನ ತಂದೆ. ಅಮ್ಮ ನನ್ನ ಕಡೆ ನೋಡಿ, ‘ಅದು ನಿನ್ನ ಕಾಗದ. ನಿಂಗೆ ಏನು ಬೇಕೋ ಹೇಳು’ ಎಂದಳು.

ಆ ಪ್ರಶ್ನೆಗೆ ಉತ್ತರ ಹುಡುಕಲು ಹೊರಟವನು ನಾನು. ಇಂಜಿನಿಯರಿಂಗ್ ಓದುವವನಿಗೆ ಕಾನೂನು ಏನು ಗೊತ್ತು ಎಂದು ನೀವು ಕೇಳಬಹುದು. ಗೊತ್ತಿರಲಿಲ್ಲ. ಸೆಮಿಸ್ಟರ್ ರಜೆಯಲ್ಲಿ ಕಾಯ್ದೆಗಳನ್ನೂ ತೀರ್ಪುಗಳನ್ನೂ ಓದಿದೆ, ವಕೀಲರೊಬ್ಬರ ಹತ್ತಿರ ಎರಡು ಸಲ ಹೋಗಿ ಬಂದೆ. ತಿಳಿದುಕೊಂಡದ್ದನ್ನು ನನ್ನಂಥವರಿಗಾಗಿ ಇಲ್ಲಿ ಹೇಳುತ್ತೇನೆ. ಪ್ರತಿ ಕಾಲೇಜಿನಲ್ಲೂ ನನ್ನಂಥವರು ಇದ್ದೇ ಇರುತ್ತಾರೆ. ನೀವು ಗುರುತಿಸಿರುವುದಿಲ್ಲ, ಅಷ್ಟೇ.

ನಮ್ಮ ದೇಶದಲ್ಲಿ ಹುಟ್ಟು ಸಾವುಗಳನ್ನು ದಾಖಲಿಸುವುದು 1969ರ ಜನನ ಮರಣ ನೋಂದಣಿ ಕಾಯ್ದೆಯಡಿ. ಮಗು ಹುಟ್ಟಿದ 21 ದಿನದೊಳಗೆ ಮಾಹಿತಿ ಕೊಡಬೇಕು. ಆಸ್ಪತ್ರೆಯಲ್ಲಿ ಹುಟ್ಟಿದರೆ ಆ ಹೊಣೆ ಆಸ್ಪತ್ರೆಯದು. ಹೆಸರಿಡುವುದು ತಡವಾದರೂ ಪರವಾಗಿಲ್ಲ, ಮಗುವಿನ ಹೆಸರನ್ನು ಆಮೇಲೆ ಸೇರಿಸಬಹುದು. ತಂದೆ ತಾಯಿ ಮದುವೆಯಾಗಿರಲೇಬೇಕು, ಇಲ್ಲದಿದ್ದರೆ ನೋಂದಣಿ ಇಲ್ಲ ಎಂದು ಈ ಕಾಯ್ದೆ ಎಲ್ಲಿಯೂ ಹೇಳುವುದಿಲ್ಲ. ದಾಖಲಾಗುವುದು ಹುಟ್ಟು, ಮದುವೆಯಲ್ಲ. ಆದರೂ ಫಾರಂ ಹಿಡಿದು ಬಂದವರು ಮೊದಲು ಕೇಳುವುದು ‘ಗಂಡನ ಹೆಸರೇನು’ ಎಂದೇ. ಫಾರಂನಲ್ಲಿರುವುದು ‘ತಂದೆಯ ಹೆಸರು’. ಗಂಡ ಮತ್ತು ತಂದೆ ಎರಡೂ ಒಂದೇ ಎಂಬುದು ನಮ್ಮ ಬಾಯಿಯ ಅಭ್ಯಾಸ.

2015ರ ಜುಲೈ 6ರಂದು ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ದೊಡ್ಡ ತೀರ್ಪೊಂದನ್ನು ಕೊಟ್ಟಿತು. ದೆಹಲಿಯ ಅವಿವಾಹಿತ ತಾಯಿಯೊಬ್ಬರ ಪ್ರಕರಣ ಅದು. ಅವರ ಹೆಸರನ್ನು ಹೊರಗೆ ಹಾಕದೆ ‘ಎಬಿಸಿ’ ಎಂದಷ್ಟೇ ದಾಖಲಿಸಲಾಗಿದೆ. ಓದಿಕೊಂಡವರು, ಕೆಲಸದಲ್ಲಿದ್ದವರು. ತಮ್ಮ ಉಳಿತಾಯಕ್ಕೆ ಮಗನನ್ನು ನಾಮಿನಿ ಮಾಡಲು ಹೋದಾಗ, ತಂದೆಯ ಹೆಸರು ಹೇಳಿ, ಇಲ್ಲವೇ ಕೋರ್ಟಿನಿಂದ ಪೋಷಕತ್ವದ ಪ್ರಮಾಣಪತ್ರ ತನ್ನಿ ಎಂದರು. ಅದಕ್ಕಾಗಿ ಕೋರ್ಟಿಗೆ ಹೋದರೆ ತಂದೆಗೆ ನೋಟಿಸ್ ಕೊಡಬೇಕು, ಅವರ ಹೆಸರು ವಿಳಾಸ ಕೊಡಿ ಎಂದರು. ಅವರು ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನವರೆಗೂ ಹೋದರು.

ನ್ಯಾಯಮೂರ್ತಿಗಳಾದ ವಿಕ್ರಮಜಿತ್ ಸೇನ್ ಮತ್ತು ಅಭಯ್ ಮನೋಹರ್ ಸಪ್ರೆ ಅವರ ಪೀಠ ಆ ತಾಯಿಯ ಪರವಾಗಿ ತೀರ್ಪು ಕೊಟ್ಟಿತು. ಮಗುವಿನ ಬಗ್ಗೆ ಯಾವ ಕಾಳಜಿಯನ್ನೂ ತೋರದ ತಂದೆಗೆ ನೋಟಿಸ್ ಕೊಡಬೇಕಾಗಿಲ್ಲ ಎಂದಿತು. ಆ ಮಗುವಿಗೆ ಜನನ ಪ್ರಮಾಣಪತ್ರವೇ ಇಲ್ಲ ಎಂಬುದು ವಿಚಾರಣೆಯ ವೇಳೆ ಗೊತ್ತಾದಾಗ, ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅವಿವಾಹಿತ ತಾಯಿ ಅಥವಾ ಒಂಟಿ ಪೋಷಕರು ಬಂದು ಪ್ರಮಾಣಪತ್ರ ಕೇಳಿದರೆ ಒಂದು ಅಫಿಡವಿಟ್ ಪಡೆದು ಕೊಡಬೇಕು, ತಂದೆ ಯಾರೆಂದು ಹೇಳು ಎಂದು ಪೀಡಿಸಬಾರದು ಎಂದು ಇಡೀ ದೇಶಕ್ಕೆ ಅನ್ವಯವಾಗುವಂತೆ ಹೇಳಿತು.

ಆ ತೀರ್ಪಿನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಭಾಗ. ತನ್ನ ತಂದೆ ತಾಯಿ ಯಾರು ಎಂದು ತಿಳಿಯುವ ಹಕ್ಕು ಮಗುವಿಗೂ ಇದೆ ಎಂದು ನ್ಯಾಯಮೂರ್ತಿಗಳು ಯೋಚಿಸಿದ್ದಾರೆ. ಅದಕ್ಕಾಗಿ ಆ ತಾಯಿಯ ಜೊತೆ ಮಾತನಾಡಿದ್ದಾರೆ. ತಂದೆಯ ವಿವರವನ್ನು ಒಂದು ಲಕೋಟೆಯಲ್ಲಿಟ್ಟು ಮುದ್ರೆ ಹಾಕಿ, ತಮ್ಮ ನಿರ್ದಿಷ್ಟ ಆದೇಶವಿಲ್ಲದೆ ಯಾರೂ ತೆರೆಯಬಾರದು ಎಂದಿದ್ದಾರೆ. ಕಚೇರಿಗೆ ತಿಳಿಯಬೇಕಾದದ್ದು ಬೇರೆ, ಮಗನಿಗೆ ತಿಳಿಯಬೇಕಾದದ್ದು ಬೇರೆ ಎಂದು ಕೋರ್ಟ್ ಬೇರ್ಪಡಿಸಿದ್ದು ನನಗೆ ತುಂಬಾ ಹಿಡಿಸಿತು. ನನ್ನ ತಂದೆ ಯಾರೆಂಬುದು ನನಗೆ ಹತ್ತನೇ ವಯಸ್ಸಿನಿಂದಲೇ ಗೊತ್ತು. ಅಮ್ಮ ಮುಚ್ಚಿಡಲಿಲ್ಲ. ಗೊತ್ತಿಲ್ಲದಿದ್ದದ್ದು ಸರ್ಕಾರಿ ಕಾಗದಕ್ಕೆ ಮಾತ್ರ.

ಕೇರಳ ಹೈಕೋರ್ಟಿನ ಎರಡು ತೀರ್ಪುಗಳನ್ನೂ ಹೇಳಬೇಕು. ಐವಿಎಫ್ ಮೂಲಕ ಗರ್ಭಿಣಿಯಾಗಿದ್ದ ಒಂಟಿ ಮಹಿಳೆಯೊಬ್ಬರ ಪ್ರಕರಣದಲ್ಲಿ 2021ರಲ್ಲಿ ಆ ಕೋರ್ಟ್, ಅಂಥವರಿಗೆ ತಂದೆಯ ಹೆಸರಿನ ಕಾಲಂ ಇರುವ ಫಾರಂ ಕೊಡುವುದೇ ಅವರ ಘನತೆಗೆ ಕುಂದು, ಬೇರೆ ಫಾರಂ ಮಾಡಿ ಎಂದಿತು. 2022ರ ಪ್ರಕರಣವಂತೂ ನನ್ನದಕ್ಕೆ ಹತ್ತಿರ. ಅವಿವಾಹಿತ ತಾಯಿಯೊಬ್ಬರ ಮಗನ ಮೂರು ದಾಖಲೆಗಳಲ್ಲಿ ತಂದೆಯ ಹೆಸರು ಮೂರು ಥರ ಇತ್ತು. ಜನನ ನೋಂದಣಿಯಿಂದ ತಂದೆಯ ಹೆಸರನ್ನು ತೆಗೆದು ತಾಯಿಯ ಹೆಸರೊಂದನ್ನೇ ಉಳಿಸಿ ಪ್ರಮಾಣಪತ್ರ ಕೊಡಿ ಎಂದು ಕೋರ್ಟ್ ಆದೇಶಿಸಿತು. ಹುಟ್ಟಿನ ಕಾರಣಕ್ಕೆ ಅವಮಾನ ಅನುಭವಿಸಿ ಬದುಕನ್ನೇ ಶಪಿಸಿಕೊಳ್ಳುವ ಕರ್ಣರು ನಮ್ಮ ಸಮಾಜದಲ್ಲಿ ಇರಬಾರದು ಎಂಬರ್ಥದ ಮಾತು ಆ ತೀರ್ಪಿನಲ್ಲಿದೆ. ಕನ್ನಡದವರಿಗೆ ಕರ್ಣನ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಊರ ಜಾತ್ರೆಯ ನಾಟಕದಲ್ಲಿ ಕರ್ಣ ಸಾಯುವಾಗ ಅಳುವವರೇ, ಮಾರನೆಯ ದಿನ ಪಕ್ಕದ ಮನೆಯ ಹುಡುಗನನ್ನು ‘ಅಪ್ಪ ಇಲ್ಲದವನು’ ಎನ್ನುತ್ತಾರೆ.

ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಯಿತು. ಅದು ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಮಗುವಿನ ಜನನದ ಮಾಹಿತಿ ಕೊಡಬಹುದಾದವರ ಪಟ್ಟಿಯಲ್ಲಿ ಒಂಟಿ ಪೋಷಕರು ಮತ್ತು ಅವಿವಾಹಿತ ತಾಯಿಯನ್ನು ಕಾಯ್ದೆಯೇ ಈಗ ಹೆಸರಿಸಿದೆ. ಇದು ಒಳ್ಳೆಯದು. ಇದರ ಜೊತೆಗೇ ಇನ್ನೊಂದು ಬದಲಾವಣೆಯೂ ಬಂದಿದೆ. ಆ ದಿನಾಂಕದ ನಂತರ ಹುಟ್ಟಿದವರಿಗೆ ಶಾಲೆ ಕಾಲೇಜು ಪ್ರವೇಶ, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಮದುವೆ ನೋಂದಣಿ, ಸರ್ಕಾರಿ ಕೆಲಸ, ಪಾಸ್‌ಪೋರ್ಟ್, ಆಧಾರ್ ಎಲ್ಲಕ್ಕೂ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆ ಜನನ ಪ್ರಮಾಣಪತ್ರವೇ. ಅಂದರೆ ನನ್ನ ಕಾಲದಲ್ಲಿ ಅಮ್ಮನ ಟ್ರಂಕಿನಲ್ಲಿ ಮಡಿಚಿಟ್ಟಿದ್ದ ಈ ಕಾಗದ, ಇಂದು ಹುಟ್ಟುವ ಮಗುವಿನ ಕೈಯಲ್ಲಿ ಜೀವನಪೂರ್ತಿ ಇರುತ್ತದೆ. ಅದರಲ್ಲಿರುವ ಪ್ರತಿ ಸಾಲನ್ನೂ, ಪ್ರತಿ ಗೆರೆಯನ್ನೂ ಎಲ್ಲ ಕಿಟಕಿಗಳಲ್ಲೂ ನೋಡುತ್ತಾರೆ. ಆದ್ದರಿಂದಲೇ ಆ ಕಾಲಂ ಬಗ್ಗೆ ಈಗ ಮಾತಾಡಬೇಕು.

ಇಲ್ಲಿಯವರೆಗೆ ಹೇಳಿದ್ದು ಕಾಲಂ ಖಾಲಿ ಬಿಡುವ ಹಕ್ಕಿನ ಬಗ್ಗೆ. ಅದು ತಾಯಿಯ ಹಕ್ಕು, ಕೋರ್ಟುಗಳು ಅದನ್ನು ಗಟ್ಟಿ ಮಾಡಿವೆ. ಆದರೆ ಇನ್ನೊಂದು ಕಡೆಯಿದೆ. ಮದುವೆಯಾಗದಿದ್ದರೂ ‘ಈ ಮಗುವಿನ ತಂದೆ ನಾನೇ’ ಎಂದು ಮುಂದೆ ಬರುವ ಗಂಡಸಿನ ಹೆಸರು ಬರೆಯುವುದು ಹೇಗೆ? ನಾನು ಸಿಕ್ಕಿಹಾಕಿಕೊಂಡಿದ್ದು ಇಲ್ಲೇ. ನಾನು ವಿಚಾರಿಸಿದ ಒಂದು ಕಡೆ ‘ಮ್ಯಾರೇಜ್ ಸರ್ಟಿಫಿಕೇಟ್ ತನ್ನಿ’ ಎಂದರು. ಇನ್ನೊಂದು ಕಡೆ ‘ಇಬ್ಬರದೂ ಅಫಿಡವಿಟ್ ಇದ್ದರೆ ಸಾಕು’ ಎಂದರು. ಮತ್ತೊಂದು ಕಡೆ ‘ಕೋರ್ಟ್ ಆರ್ಡರ್ ಇಲ್ಲದೆ ಮುಟ್ಟುವ ಹಾಗೇ ಇಲ್ಲ’ ಎಂದರು. ಕಾಯ್ದೆಯ 15ನೇ ಸೆಕ್ಷನ್ ತಪ್ಪಾಗಿ ಬರೆದದ್ದನ್ನು ತಿದ್ದಲು ಅಧಿಕಾರ ಕೊಡುತ್ತದೆ. ಆದರೆ ಖಾಲಿ ಬಿಟ್ಟದ್ದು ತಪ್ಪಲ್ಲವಲ್ಲ! ಆಗ ಇದ್ದ ಸ್ಥಿತಿಯಲ್ಲಿ ಅದು ನಿಜವೇ ಆಗಿತ್ತು. ತಡವಾಗಿ ಒಪ್ಪಿಕೊಂಡು ಬರುವ ತಂದೆಗೆ ಆ ಕಾಯ್ದೆಯಲ್ಲಿ ಬಿಡಿಸಿ ಬರೆದ ದಾರಿ ಕಾಣುವುದಿಲ್ಲ. ಹಾಗಾಗಿ ಎಲ್ಲವೂ ಎದುರು ಕುಳಿತ ಅಧಿಕಾರಿಯ ಮನಸ್ಸಿನ ಮೇಲೆ ನಿಂತಿದೆ.

ಇಂಗ್ಲೆಂಡಿನಲ್ಲಿ ಇದಕ್ಕೆ ಸರಳ ವ್ಯವಸ್ಥೆಯಿದೆ. ತಂದೆ ತಾಯಿ ಮದುವೆಯಾಗಿಲ್ಲದಿದ್ದರೆ ತಂದೆಯ ಹೆಸರು ತಾನಾಗಿ ಬರುವುದಿಲ್ಲ. ಇಬ್ಬರೂ ನೋಂದಣಾಧಿಕಾರಿಯ ಮುಂದೆ ಬಂದು ಒಟ್ಟಿಗೆ ಸಹಿ ಹಾಕಿದರೆ ಬರುತ್ತದೆ. 2003ರ ಡಿಸೆಂಬರ್ 1ರಿಂದ ಹೀಗೆ ಸಹಿ ಹಾಕಿದ ತಂದೆಗೆ ಮಗುವಿನ ಮೇಲಿನ ಹೊಣೆ ಮತ್ತು ಹಕ್ಕು ಕಾನೂನಿನ ಪ್ರಕಾರವೇ ಸಿಗುತ್ತದೆ. ಮದುವೆಯ ಪತ್ರ ಕೇಳುವುದಿಲ್ಲ. ತಾಯಿಯ ಒಪ್ಪಿಗೆ, ತಂದೆಯ ಒಪ್ಪಿಗೆ, ಎರಡು ಸಹಿ. ಇದರಲ್ಲಿ ನಮ್ಮಿಂದ ಮಾಡಲಾಗದಂಥದ್ದು ಏನೂ ಇಲ್ಲ.

ಹೆಸರು ಬಂದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬ ಬಗ್ಗೆ ನಮ್ಮ ಹಾಸ್ಟೆಲಿನಲ್ಲೇ ಬೇಕಾದಷ್ಟು ತಪ್ಪು ಕಲ್ಪನೆಗಳಿವೆ. ಪ್ರಮಾಣಪತ್ರದಲ್ಲಿ ಗಂಡಸಿನ ಹೆಸರು ಬಂದ ಮಾತ್ರಕ್ಕೆ ಅವರಿಬ್ಬರೂ ಗಂಡ ಹೆಂಡತಿ ಆಗಿಬಿಡುವುದಿಲ್ಲ. ಹೆಸರು ಇಲ್ಲದ ಮಾತ್ರಕ್ಕೆ ತಂದೆ ಹೊಣೆಯಿಂದ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಅಪ್ರಾಪ್ತ ಮಗುವಿಗೆ ಜೀವನಾಂಶ ಕೊಡುವ ಹೊಣೆ, ಮಗು ಮದುವೆಯೊಳಗೆ ಹುಟ್ಟಿದ್ದರೂ ಹೊರಗೆ ಹುಟ್ಟಿದ್ದರೂ ತಂದೆಗೆ ಇದೆ. ಮೊದಲು ಸಿಆರ್‌ಪಿಸಿಯ 125ನೇ ಸೆಕ್ಷನ್ ಇದನ್ನು ಹೇಳುತ್ತಿತ್ತು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಹೇಳುತ್ತದೆ. ಹೆಸರು ಬರೆದಿದ್ದರೆ ಕೋರ್ಟಿನಲ್ಲಿ ತಾಯಿಗೆ ಪುರಾವೆ ಒದಗಿಸುವುದು ಸುಲಭವಾಗುತ್ತದೆ, ಅಷ್ಟೇ. ಹಿಂದೂ ಕಾನೂನಿನಲ್ಲಿ ಇಂಥ ಮಗುವಿನ ಸಹಜ ಪೋಷಕಿ ಮೊದಲು ತಾಯಿಯೇ, ಅವಳ ನಂತರ ತಂದೆ. 1956ರ ಕಾಯ್ದೆಯಲ್ಲೇ ಹೀಗಿದೆ. ಆದ್ದರಿಂದ ಹೆಸರು ಬರೆಸಿದರೆ ನಾಳೆಯೇ ಬಂದು ಮಗುವನ್ನು ಕಿತ್ತುಕೊಂಡು ಹೋಗುತ್ತಾನೆ ಎಂಬ ಭಯ ಬೇಡ.

ಆಸ್ತಿಯ ವಿಷಯ ಇನ್ನೂ ಗೋಜಲು. ಇಲ್ಲಿ ನಮ್ಮ ಕರ್ನಾಟಕದ್ದೇ ಒಂದು ಪ್ರಕರಣ ದೇಶಕ್ಕೆಲ್ಲ ಕಾನೂನಾಗಿದೆ. ರೇವಣಸಿದ್ದಪ್ಪ ವಿರುದ್ಧ ಮಲ್ಲಿಕಾರ್ಜುನ ಎಂಬ ಆ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ತಂದೆ ತಾಯಿಯ ಸಂಬಂಧ ಹೇಗೇ ಇರಲಿ, ಅದರಲ್ಲಿ ಹುಟ್ಟಿದ ಮಗುವನ್ನು ಬೇರೆಯಾಗಿಯೇ ನೋಡಬೇಕು, ಮಗುವಿನದು ಏನೂ ತಪ್ಪಿಲ್ಲ ಎಂದರು. 2023ರ ಸೆಪ್ಟೆಂಬರ್ 1ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅಂತಿಮ ತೀರ್ಪು ಕೊಟ್ಟಿತು. ಕಾನೂನಿನ ಪ್ರಕಾರ ಅಸಿಂಧುವಾದ ಮದುವೆಯಿಂದ ಹುಟ್ಟಿದ ಮಕ್ಕಳಿಗೆ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಮ್ಮ ತಂದೆ ತಾಯಿಗೆ ಬರಬೇಕಾದ ಪಾಲಿನಲ್ಲಿ ಹಕ್ಕಿದೆ ಎಂದಿತು. ಇದನ್ನು ಕೇಳಿ ಅನೇಕರು ‘ಹಾಗಾದರೆ ನಿನಗೂ ಪಾಲು ಬರುತ್ತೆ’ ಎಂದರು. ವಕೀಲರು ಬಿಡಿಸಿ ಹೇಳಿದರು. ಆ ತೀರ್ಪು ಅನ್ವಯಿಸುವುದು ಮದುವೆಯೊಂದು ನಡೆದು, ಅದು ಕಾನೂನಿನ ಮುಂದೆ ನಿಲ್ಲದೇ ಹೋದಾಗ ಮಾತ್ರ. ಮದುವೆಯೇ ನಡೆಯದಿದ್ದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗುವನ್ನು ತಾಯಿಗೆ ಮಾತ್ರ ಸಂಬಂಧಿ ಎನ್ನುತ್ತದೆ. ತಂದೆ ಉಯಿಲು ಬರೆದಿಟ್ಟರೆ ಬೇರೆ ಮಾತು. ನನಗೆ ಅವರ ಆಸ್ತಿ ಬೇಡ. ಆದರೆ ತಾಳಿ ಕಟ್ಟಿ ಮೋಸ ಮಾಡಿದವನ ಮಗುವಿಗೆ ಸಿಗುವುದು, ತಾಳಿ ಕಟ್ಟದೇ ಮೋಸ ಮಾಡಿದವನ ಮಗುವಿಗೆ ಸಿಗುವುದಿಲ್ಲ ಎಂಬುದು ನನಗೆ ಇನ್ನೂ ಅರಗಿಲ್ಲ.

ತಂದೆ ಒಪ್ಪದಿದ್ದರೆ ಏನು ಮಾಡುವುದು? ತಾಯಿ ಹೇಳಿದ ಮಾತ್ರಕ್ಕೆ ಯಾರ ಹೆಸರನ್ನಾದರೂ ಬರೆಯಬಹುದೇ? ಬರೆಯಬಾರದು ಎಂದೇ ನನ್ನ ಅಭಿಪ್ರಾಯ. ಅದಕ್ಕೆ ಕೋರ್ಟ್ ಇದೆ, ಡಿಎನ್‌ಎ ಪರೀಕ್ಷೆ ಇದೆ. ಉತ್ತರ ಪ್ರದೇಶ ಮತ್ತು ಉತ್ತರಾಖಂಡದ ಮುಖ್ಯಮಂತ್ರಿಯಾಗಿದ್ದ ಎನ್.ಡಿ. ತಿವಾರಿ ಅವರು ತನ್ನ ತಂದೆ ಎಂದು ರೋಹಿತ್ ಶೇಖರ್ ಎಂಬ ಯುವಕ 2008ರಲ್ಲಿ ದೆಹಲಿ ಹೈಕೋರ್ಟಿಗೆ ಹೋದರು. ವರ್ಷಗಟ್ಟಲೆ ಹೋರಾಡಿದ ಮೇಲೆ 2012ರಲ್ಲಿ ಡಿಎನ್‌ಎ ವರದಿ ಅವರ ಮಾತು ನಿಜವೆಂದಿತು. 2014ರಲ್ಲಿ ತಿವಾರಿ ಬಹಿರಂಗವಾಗಿ ಮಗನೆಂದು ಒಪ್ಪಿಕೊಂಡರು. ಒಂದು ಹೆಸರಿಗಾಗಿ ಅಷ್ಟು ದೂರ ನಡೆಯುವ ಶಕ್ತಿ, ದುಡ್ಡು ಎಷ್ಟು ಜನರಿಗಿದೆ? ಅಂಗನವಾಡಿಯಲ್ಲಿ ಸಹಾಯಕಿಯಾಗಿ ದುಡಿದು ನನ್ನನ್ನು ಓದಿಸಿದ ಅಮ್ಮನಿಗಂತೂ ಇರಲಿಲ್ಲ. ಅದಕ್ಕೇ ಹೇಳುವುದು, ಒಪ್ಪಿ ಬರುವವರಿಗಾದರೂ ಬಾಗಿಲು ಸುಲಭವಾಗಿ ತೆರೆಯಬೇಕು.

ಹಾಗಾದರೆ ಆಗಬೇಕಾದದ್ದು ಏನು? ನನಗೆ ತೋಚಿದ್ದನ್ನು ಹೇಳುತ್ತೇನೆ.

ಮೊದಲನೆಯದು ಹೆರಿಗೆ ವಾರ್ಡಿನಲ್ಲಿ. ಫಾರಂ ಹಿಡಿದವರು ‘ಗಂಡನ ಹೆಸರೇನು’ ಎನ್ನುವ ಬದಲು, ‘ಮಗುವಿನ ತಂದೆಯ ಹೆಸರು ಬರೆಸುತ್ತೀರಾ, ಬಿಡುತ್ತೀರಾ, ಎರಡಕ್ಕೂ ಅವಕಾಶವಿದೆ’ ಎಂದು ಹೇಳಲಿ. ಮೆತ್ತಗೆ, ಪಕ್ಕದ ಹಾಸಿಗೆಗೆ ಕೇಳದಂತೆ ಹೇಳಲಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಎರಡನೆಯದು, ಮದುವೆಯಾಗದ ತಂದೆ ತಾನಾಗಿ ಒಪ್ಪಿದರೆ ತಾಯಿಯ ಜೊತೆ ಬಂದು ಸಹಿ ಹಾಕಲು ಒಂದು ಪುಟದ ಜಂಟಿ ಘೋಷಣೆಯ ಫಾರಂ ಇರಲಿ. ಮದುವೆ ಪತ್ರ ಕೇಳಬಾರದು. ತಾಯಿಯ ಒಪ್ಪಿಗೆ ಇಲ್ಲದೆ ಅವನೊಬ್ಬನೇ ಬಂದರೆ ಬರೆಯಬಾರದು. ಅವನ ಒಪ್ಪಿಗೆ ಇಲ್ಲದೆ ಅವಳೊಬ್ಬಳೇ ಹೇಳಿದರೂ ಬರೆಯಬಾರದು. ವರ್ಷಗಳ ನಂತರ ಬರುವವರಿಗೂ ಇದೇ ದಾರಿ ಇರಲಿ. ಆದರೆ ಅಷ್ಟರಲ್ಲಿ ಮಗುವಿಗೆ ಹದಿನೆಂಟು ತುಂಬಿದ್ದರೆ ಆ ಮಗುವಿನ ಸಹಿಯೂ ಬೇಕು. ಇಪ್ಪತ್ತು ವರ್ಷ ಇಲ್ಲದವರು ಒಂದು ದಿನ ಬಂದು ನನ್ನ ಕಾಗದದಲ್ಲಿ ನನ್ನನ್ನು ಕೇಳದೆ ಕೂರಬಾರದು.

ಮೂರನೆಯದು, ಖಾಲಿ ಕಾಲಂ ಎಲ್ಲಿಯೂ ಅಡ್ಡಿಯಾಗಬಾರದು. ಇದು ಆಗದ ಕೆಲಸವಲ್ಲ, ಕೆಲವು ಕಡೆ ಆಗಲೇ ಆಗಿದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಹೆಸರು ಸಾಕು ಎಂದು 2016ರ ಡಿಸೆಂಬರ್‌ನಲ್ಲಿ ನಿಯಮ ಬದಲಾಯಿತು. ತಾಯಿಯೊಬ್ಬಳೇ ಪೋಷಕಿಯಾಗಿದ್ದರೆ ಪ್ಯಾನ್ ಕಾರ್ಡಿಗೆ ತಂದೆಯ ಹೆಸರು ಬೇಕಿಲ್ಲ ಎಂದು 2018ರ ಡಿಸೆಂಬರ್ 5ರಿಂದ ಆಯಿತು. ಪಾಸ್‌ಪೋರ್ಟಿಗೆ, ಪ್ಯಾನಿಗೆ ಬೇಡವಾದದ್ದು ಕಾಲೇಜಿನ ಪ್ರವೇಶ ಫಾರಂಗೆ, ಬಸ್ ಪಾಸಿಗೆ, ಹಾಸ್ಟೆಲ್ ಅರ್ಜಿಗೆ ಯಾಕೆ ಬೇಕು? ಎಷ್ಟೋ ಆನ್‌ಲೈನ್ ಅರ್ಜಿಗಳಲ್ಲಿ ಆ ಜಾಗದ ಪಕ್ಕ ಕೆಂಪು ಚುಕ್ಕಿ ಇರುತ್ತದೆ. ತುಂಬದೆ ಮುಂದೆ ಹೋಗಲು ಬಿಡುವುದಿಲ್ಲ. ಕಂಪ್ಯೂಟರ್ ಸೈನ್ಸ್ ಓದುವ ಗೆಳೆಯರೇ, ಆ ಕೆಂಪು ಚುಕ್ಕಿಯನ್ನು ತೆಗೆಯುವುದು ಎಷ್ಟು ಸಣ್ಣ ಕೆಲಸ ಎಂದು ನಿಮಗೇ ಗೊತ್ತು. ನಾಳೆ ಇಂಥ ಅರ್ಜಿಗಳನ್ನು ಮಾಡುವವರು ನಾವೇ. ಆಗ ನೆನಪಿರಲಿ.

ಇದಕ್ಕೆ ಎದುರಾಗಿ ಬರುವ ಮಾತುಗಳೂ ಗೊತ್ತು. ನಮ್ಮ ಕ್ಲಾಸಿನಲ್ಲೇ ಒಬ್ಬ ಕೇಳಿದ, ‘ಹೀಗೆಲ್ಲ ಸುಲಭ ಮಾಡಿದರೆ ಮದುವೆಗೆ ಏನು ಬೆಲೆ?’ ಎಂದು. ಮದುವೆಯ ಬೆಲೆಯನ್ನು ಉಳಿಸುವ ಕೆಲಸ ದೊಡ್ಡವರದು. ಒಂದು ದಿನದ ಕೂಸಿನ ತಲೆಯ ಮೇಲೆ ಅದನ್ನು ಹೊರಿಸುವುದು ನ್ಯಾಯವಲ್ಲ. ಹೆಸರು ಬರೆಸುವ ದಾರಿ ಕಷ್ಟವಾದ ಮಾತ್ರಕ್ಕೆ ಯಾರೂ ಮದುವೆಯಾಗಿಬಿಡುವುದಿಲ್ಲ. ಸುಳ್ಳು ಹೆಸರು ಬರೆಸುತ್ತಾರೆ ಅಥವಾ ಓಡಿಹೋಗುತ್ತಾರೆ. ಇನ್ನೊಬ್ಬ ಗೆಳತಿ ಕೇಳಿದ ಪ್ರಶ್ನೆ ಇದಕ್ಕಿಂತ ಗಟ್ಟಿಯಾಗಿತ್ತು. ‘ಖಾಲಿ ಬಿಡಲು ಅವಕಾಶ ಕೊಟ್ಟರೆ ಗಂಡಸರಿಗೆ ಅನುಕೂಲವಲ್ಲವಾ? ತಪ್ಪು ಮಾಡಿದವನ ಹೆಸರು ಎಲ್ಲಿಯೂ ಇರುವುದೇ ಇಲ್ಲ’ ಎಂದಳು. ಅವಳ ಸಿಟ್ಟು ಸರಿ. ಆದರೆ ಅವನನ್ನು ಹಿಡಿಯುವ ಜಾಗ ಮಗುವಿನ ಪ್ರಮಾಣಪತ್ರವಲ್ಲ, ಜೀವನಾಂಶದ ಕೋರ್ಟ್. ಅಲ್ಲಿ ಬೇಗ ನ್ಯಾಯ ಸಿಗುವಂತೆ ಮಾಡೋಣ. ಬಲವಂತದ ಹೆಸರಿನಿಂದ ತಾಯಿ ಆ ಗಂಡಸಿನ ಜೊತೆ ಜೀವನಪೂರ್ತಿ ಒಂದೇ ಕಾಗದದಲ್ಲಿ ಇರಬೇಕಾಗುತ್ತದೆ. ಅದು ಬೇಕೋ ಬೇಡವೋ ಎಂದು ಹೇಳಬೇಕಾದವಳು ಅವಳು.

ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮನ ಕತೆ ನಿಮಗೆ ಗೊತ್ತಿರಬಹುದು. ಗುರುವಿನ ಬಳಿ ಹೋಗುವ ಮುಂಚೆ ‘ನನ್ನ ಗೋತ್ರ ಯಾವುದು’ ಎಂದು ತಾಯಿ ಜಬಾಲೆಯನ್ನು ಕೇಳುತ್ತಾನೆ. ನನಗೆ ಗೊತ್ತಿಲ್ಲ ಮಗು, ನನ್ನ ಹೆಸರನ್ನೇ ಹೇಳಿಕೋ ಎನ್ನುತ್ತಾಳೆ. ಅವನು ಹೋಗಿ ಹಾಗೆಯೇ ಹೇಳುತ್ತಾನೆ. ಗೌತಮರು ಅವನನ್ನು ಸೇರಿಸಿಕೊಳ್ಳುವುದು ಅವನು ನಿಜ ಹೇಳಿದ ಎಂಬ ಕಾರಣಕ್ಕೆ. ಅಷ್ಟು ಹಿಂದಿನ ಗುರುವೊಬ್ಬರು ಖಾಲಿ ಕಾಲಂ ಒಪ್ಪಿಕೊಂಡರು. ನಮ್ಮ ಮೇಷ್ಟ್ರು ನನ್ನ ಮೇಲಿನ ಪ್ರೀತಿಯಿಂದಲೇ ಅದನ್ನು ಸುಳ್ಳಿನಿಂದ ತುಂಬಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಖಾಲಿ ಬಿಟ್ಟರೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಸುಳ್ಳು ಬರೆದರೆ ಏನಾಗುತ್ತದೆ ಎಂದು ಗೊತ್ತಿರಲಿಲ್ಲ.

ಈಗ ನಾನು ಮೊದಲು ಮಾಡಬೇಕಾದ ಕೆಲಸ ಮಾರ್ಕ್ಸ್ ಕಾರ್ಡಿನಿಂದ ತಾತನ ಹೆಸರು ತೆಗೆಸುವುದು. ಅದಕ್ಕೆ ಸಿವಿಲ್ ಕೋರ್ಟಿಗೆ ಹೋಗಬೇಕಾಗಬಹುದು ಎಂದು ವಕೀಲರು ಹೇಳಿದ್ದಾರೆ. ಕಾಗದ ಪತ್ರ ಸೇರಿಸುತ್ತಿದ್ದೇನೆ. ಈ ಕೆಲಸ ಇಷ್ಟು ಕಷ್ಟವಾಗುತ್ತದೆ ಎಂದುಕೊಂಡಿರಲಿಲ್ಲ. ಅಲೆದಾಟದ ಮಾತಲ್ಲ ಇದು. ಸೈಕಲ್ ಕಲಿಸಿದ್ದು ತಾತ, ಕಾಲೇಜಿನ ಮೊದಲ ದಿನ ಬಸ್ ಸ್ಟ್ಯಾಂಡಿನವರೆಗೂ ಬ್ಯಾಗ್ ಹೊತ್ತು ಬಂದಿದ್ದು ತಾತ. ‘ತಂದೆ’ ಎಂಬ ಜಾಗಕ್ಕೆ ನಿಜವಾಗಿ ಯಾರಾದರೂ ಲಾಯಕ್ಕಾಗಿದ್ದರೆ ಅವರೇ. ಆದರೆ ಅವರ ಹೆಸರು ಅಲ್ಲಿರುವಷ್ಟು ದಿನ ಯಾರೋ ಒಬ್ಬರು ಅಮ್ಮನನ್ನೂ ಅವರನ್ನೂ ಸೇರಿಸಿ ನಗುತ್ತಾರೆ. ಅದಕ್ಕಿಂತ ಗೆರೆಯೇ ಮೇಲು.

ಇನ್ನು ನನ್ನ ತಂದೆಯ ವಿಷಯ. ಅವರು ಹೇಳಿದಂತೆಯೇ ಮಾಡಿದ್ದಾರೆ. ‘ಇವನು ನನ್ನ ಮಗ’ ಎಂದು ಸ್ಟಾಂಪ್ ಪೇಪರಿನಲ್ಲಿ ಬರೆದು ಸಹಿ ಹಾಕಿ ಅಮ್ಮನ ಕೈಗೆ ಕೊಟ್ಟು ಹೋಗಿದ್ದಾರೆ. ಆ ಕಾಗದ ಈಗ ಟ್ರಂಕಿನಲ್ಲಿ ನನ್ನ ಜನನ ಪ್ರಮಾಣಪತ್ರದ ಪಕ್ಕದಲ್ಲೇ ಇದೆ. ಅದನ್ನು ಕಚೇರಿಗೆ ಕೊಡಬೇಕೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ. ಆಸ್ಪತ್ರೆಯಲ್ಲಿ ಆ ದಿನ ಅವರು ಅಮ್ಮನ ಪಕ್ಕ ನಿಂತು ಅದೇ ಸಹಿ ಹಾಕಿದ್ದರೆ ನನ್ನ ಬಾಲ್ಯ ಬೇರೆಯಾಗಿರುತ್ತಿತ್ತು. ಇಂದು ಅದು ಅವರ ಮನಸ್ಸಿನ ಸಮಾಧಾನಕ್ಕೆ ಹೆಚ್ಚು, ನನ್ನ ಅಗತ್ಯಕ್ಕೆ ಕಡಿಮೆ ಎನಿಸುತ್ತದೆ. ಮುಂದೆ ಬೇರೆ ಅನಿಸಲೂಬಹುದು. ತೀರ್ಮಾನ ನನ್ನ ಕೈಯಲ್ಲಿರುವುದೇ ನನಗೆ ದೊಡ್ಡದು. ಇಂದು ಯಾವುದೋ ವಾರ್ಡಿನಲ್ಲಿ ಹುಟ್ಟುತ್ತಿರುವ ಮಗುವಿಗೂ ಅದರ ತಾಯಿಗೂ ಅಷ್ಟು ಸಿಗಲಿ.

ಕೊನೆಗೆ ಓದುತ್ತಿರುವ ನಿಮಗೆ ಎರಡು ಮಾತು. ನಿಮ್ಮ ದಾಖಲೆಗಳಲ್ಲಿ ನನ್ನಂಥ ಗೊಂದಲವಿದ್ದರೆ ಪ್ಲೇಸ್‌ಮೆಂಟ್ ಬರುವವರೆಗೂ ಕಾಯಬೇಡಿ, ಈಗಲೇ ಸರಿಪಡಿಸಲು ಶುರು ಮಾಡಿ. ಇನ್ನೊಂದು, ಹೊಸ ಕ್ಲಾಸಿನಲ್ಲಿ, ಹೊಸ ರೂಮಿನಲ್ಲಿ ಯಾರನ್ನಾದರೂ ಪರಿಚಯ ಮಾಡಿಕೊಳ್ಳುವಾಗ ‘ಅಪ್ಪ ಏನ್ಮಾಡ್ತಾರೆ?’ ಎಂದು ಮೊದಲೇ ಕೇಳಬೇಡಿ. ‘ಮನೇಲಿ ಯಾರ್ಯಾರಿದ್ದೀರಾ?’ ಎಂದು ಕೇಳಿ. ನನ್ನನ್ನು ಹಾಗೆ ಕೇಳಿದರೆ ಸುಳ್ಳು ಹೇಳಬೇಕಾಗಿಲ್ಲ. ಅಮ್ಮ ಇದ್ದಾಳೆ, ಅಜ್ಜಿ ಇದ್ದಾರೆ, ನಾನಿದ್ದೇನೆ.